ಬಿಸಿ ತಡೆಯೋ ಗೆಡ್ಡೆ ಬರಲಿ. ಆದರೆ ಯಾರ ಚೀಲದಲ್ಲಿ?



ಬೆಂಗಳೂರಿನ ಯಶವಂತಪುರದ ಯಾರ್ಡಿಗೆ ಆಲೂಗೆಡ್ಡೆ ಲೋಡು ತಂದವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಹಾಸನ, ಚನ್ನರಾಯಪಟ್ಟಣ ಬಿಟ್ಟು ರಾತ್ರಿಯೆಲ್ಲಾ ಲಾರಿಯ ಮೇಲೆ ಕೂತು, ಕೋಳಿ ಕೂಗೋ ಹೊತ್ತಿಗೆ ನೆಲಮಂಗಲ ದಾಟಿ ಬಂದಿದ್ದೀರಿ. ಮಂಡಿಯವನು ಚೀಲ ಬಿಚ್ಚಿ ಎರಡು ಗೆಡ್ಡೆ ಕೈಗೆತ್ತಿಕೊಂಡು, "ಗಾತ್ರ ಸಾಲದು ಗೌಡ್ರೇ" ಅಂದಿದ್ದನ್ನೂ ಕೇಳಿದ್ದೀರಿ. ಅದೇ ಗೆಡ್ಡೆ ಮಧ್ಯಾಹ್ನದೊಳಗೆ ರಾಜಾಜಿನಗರದ, ಬಸವೇಶ್ವರನಗರದ ತಳ್ಳುಗಾಡಿಗಳ ಮೇಲೆ ಯಾವ ಬೆಲೆಗೆ ಕೂತಿರುತ್ತದೆ ಅಂತ ವಿಜಯನಗರದಲ್ಲೋ ಕೆಂಗೇರಿಯಲ್ಲೋ ಮನೆ ಮಾಡಿಕೊಂಡಿರೋ ನಿಮ್ಮ ಮಗನನ್ನೋ ತಂಗಿಯನ್ನೋ ಕೇಳಿದರೆ ಸಾಕು, ಹೇಳ್ತಾರೆ.

ಬೆಲೆಯ ಈ ಅನ್ಯಾಯದ ಬಗ್ಗೆ ನಾವು ಮಾತಾಡುತ್ತಲೇ ಬಂದಿದ್ದೇವೆ, ಮುಂದೆಯೂ ಮಾತಾಡುತ್ತೇವೆ. ಈ ಸಲ ಒಂದು ಹೆಜ್ಜೆ ಹಿಂದಕ್ಕೆ ಹೋಗೋಣ. ಆಲೂಗೆಡ್ಡೆ ಬೆಳೆಯೋನ ಕುತ್ತಿಗೆಗೆ ಸಾಲದ ಹಗ್ಗ ಬೀಳೋದು ಮಾರೋ ದಿನ ಅಲ್ಲ, ಬಿತ್ತನೆ ಗೆಡ್ಡೆ ಕೊಳ್ಳೋ ದಿನ. ಆ ಬಿತ್ತನೆ ಗೆಡ್ಡೆಯ ಬಗ್ಗೆ ಈಗ ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಒಂದು ಕೆಲಸ ನಡೆದಿದೆ. ಆಲೂಗೆಡ್ಡೆ ಗಿಡದೊಳಗೆ ಬಿಸಿ ತಡೆದುಕೊಳ್ಳುವ ವಂಶವಾಹಿ ಯಾವುದು ಅಂತ ಹುಡುಕುತ್ತಿದ್ದಾರೆ, ಕೆಲವನ್ನು ಪತ್ತೆಯನ್ನೂ ಮಾಡಿದ್ದಾರೆ. ಇದು ನಮಗೆ ಸಂಬಂಧಪಟ್ಟಿದ್ದಲ್ಲ ಅಂತ ಪುಟ ತಿರುಗಿಸಬೇಡಿ. ನಿಮ್ಮ ಮುಂದಿನ ಹತ್ತು ವರ್ಷದ ಸಾಲ ಇದರ ಮೇಲೆ ನಿಂತಿದೆ.

ಮೊದಲು ನಮ್ಮ ಮನೆ ಲೆಕ್ಕ

ಎಕರೆಗೆ ಆರರಿಂದ ಎಂಟು ಕ್ವಿಂಟಾಲ್ ಬಿತ್ತನೆ ಗೆಡ್ಡೆ ಬೇಕು. ಏಳು ಅಂತಲೇ ಇಟ್ಟುಕೊಳ್ಳಿ. ಕ್ವಿಂಟಾಲಿಗೆ 2,500 ರೂಪಾಯಿ ಅಂತ ಲೆಕ್ಕ ಹಾಕಿದರೆ ಎಕರೆಗೆ 17,500, ಮೂರು ಎಕರೆಗೆ 52,500 ರೂಪಾಯಿ. ನಿಮ್ಮ ಚೀಟಿಯಲ್ಲಿ ಇದಕ್ಕಿಂತ ಹೆಚ್ಚೋ ಕಮ್ಮಿಯೋ ಇರಬಹುದು, ಲೆಕ್ಕದ ದಾರಿ ಇದೇ. ಕೈಸಾಲ ಮಾಡಿ ತಂದಿದ್ದರೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ನಾಲ್ಕು ತಿಂಗಳಿಗೆ 4,200. ಗೊಬ್ಬರ, ಔಷಧಿ, ಆಳಿನ ಕೂಲಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ರಾಗಿ, ಜೋಳದ ಬೀಜ ಮುಷ್ಟಿಯಲ್ಲಿ ಹಿಡಿಯೋದು. ಆಲೂಗೆಡ್ಡೆ ಬೀಜ ಟ್ರ್ಯಾಕ್ಟರಿನಲ್ಲಿ ಹೇರೋದು. ಬಹಳಷ್ಟು ಬೆಳೆಗಳಲ್ಲಿ ಬಿತ್ತನೆಗೇ ಇಷ್ಟು ದುಡ್ಡು ಹೂಳಬೇಕಾಗಿಲ್ಲ.

ಈಗ ಬಿಸಿಯ ವಿಷಯಕ್ಕೆ ಬನ್ನಿ. ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚಿನ ಮಳೆ ಒಂದು ಬಿತ್ತು ಅಂತ ಗೆಡ್ಡೆ ಕೊಯ್ದು ನೆಲಕ್ಕೆ ಹಾಕುತ್ತೀರಿ. ಮಾರನೇ ವಾರ ಮೋಡ ಮಾಯ, ಬಿಸಿಲು ಬೆಂಕಿ. ಕಾದ ಮಣ್ಣಿನಲ್ಲಿ ಕೊಯ್ದ ಗೆಡ್ಡೆ ಮೊಳೆಯುವ ಬದಲು ಕೊಳೆಯುತ್ತದೆ. ಐದರಲ್ಲಿ ಒಂದು ಪಾಲು ಕೊಳೆತರೂ, ಮೇಲಿನ ಲೆಕ್ಕದಲ್ಲಿ 10,500 ರೂಪಾಯಿ ಮಣ್ಣುಪಾಲು. ಆ ದುಡ್ಡಿಗೂ ಬಡ್ಡಿ ಓಡುತ್ತಲೇ ಇರುತ್ತದೆ. ಉಳಿದ ಗಿಡ ಬೆಳೆದರೂ ರಾತ್ರಿ ಸೆಕೆ ಹೆಚ್ಚಾದರೆ ಸೊಪ್ಪು ಹುಲುಸಾಗಿ ಬರುತ್ತದೆ, ಬುಡ ಕಿತ್ತು ನೋಡಿದರೆ ಗೋಲಿಯಷ್ಟು ಗೆಡ್ಡೆ.

ಬಿಸಿ ಏರುತ್ತಿರೋದು ನಮ್ಮ ಭ್ರಮೆಯಲ್ಲ. ತಂಪು ಊರು ಅಂತ ಹೆಸರಾದ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್‌ನಲ್ಲಿ ಮತ್ತೆ 38 ಡಿಗ್ರಿ ದಾಟಿತು. ಪಟ್ಟಣದವರು ಫ್ಯಾನು ಹಾಕಿಕೊಂಡರು. ನಮ್ಮ ಗೆಡ್ಡೆಗೆ ಫ್ಯಾನು ಹಾಕೋರು ಯಾರು?

ವಿಜ್ಞಾನಿ ಕಂಡಿದ್ದೇನು

ಗೆಡ್ಡೆ ಕಟ್ಟುವ ಅಪ್ಪಣೆ ಹೊರಡೋದು ಎಲೆಯಿಂದ. ಎಲೆಯಲ್ಲಿ ಒಂದು ವಸ್ತು ಹುಟ್ಟಿ, ಕಾಂಡದೊಳಗೆ ಇಳಿದು, ನೆಲದೊಳಗೆ ಹರಿದಿರುವ ಬಿಳಿ ಕುಡಿಗೆ "ಇನ್ನು ಉದ್ದಕ್ಕೆ ಬೆಳೆದದ್ದು ಸಾಕು, ಗೆಡ್ಡೆ ಕಟ್ಟು" ಅಂತ ಹೇಳುತ್ತದೆ. ಆ ವಸ್ತುವನ್ನು ಮಾಡಿಸೋ ವಂಶವಾಹಿಗೆ ವಿಜ್ಞಾನಿಗಳು ಎಸ್‌ಪಿ6ಎ ಅಂತ ಹೆಸರಿಟ್ಟಿದ್ದಾರೆ. 2011ರಲ್ಲಿ ಸ್ಪೇನ್ ದೇಶದ ವಿಜ್ಞಾನಿಗಳ ತಂಡ ಅದರ ಕೆಲಸವನ್ನು ತೋರಿಸಿತು. ರಾತ್ರಿಯ ಉಷ್ಣಾಂಶ 20 ಡಿಗ್ರಿಯ ಒಳಗಿದ್ದರೆ ಈ ಅಪ್ಪಣೆ ಸಲೀಸಾಗಿ ಇಳಿಯುತ್ತದೆ. ಬಿಸಿ ಏರಿದರೆ ಗಿಡ ಆ ಅಪ್ಪಣೆಯನ್ನೇ ತಡೆಹಿಡಿಯುತ್ತದೆ. 2019ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ವಿಜ್ಞಾನಿಗಳು, ಬಿಸಿಯಾದಾಗ ಈ ಅಪ್ಪಣೆಯ ಬಾಯಿ ಕಟ್ಟುವ ಇನ್ನೊಂದು ಸಣ್ಣ ಕಣವನ್ನು ಗಿಡದೊಳಗೇ ಹಿಡಿದರು. ಅದನ್ನು ಸುಮ್ಮನಾಗಿಸಿದರೆ ಸೆಕೆಯಲ್ಲೂ ಗೆಡ್ಡೆ ಕಟ್ಟುತ್ತದೆ ಅಂತ ತೋರಿಸಿದರು. ಅದಕ್ಕೂ ಹಿಂದಿನ ವರ್ಷ, 2018ರಲ್ಲಿ, ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಸಂಸ್ಥೆಯವರು ಬಿಸಿಯಲ್ಲೂ ಇಳುವರಿ ಉಳಿಸಿಕೊಳ್ಳಲು ನೆರವಾಗುವ ಎಚ್‌ಎಸ್‌ಸಿ70 ಎಂಬ ವಂಶವಾಹಿಯ ಒಂದು ಬಗೆಯನ್ನು ಗುರುತಿಸಿದ್ದರು.

ನಮ್ಮವರೂ ಸುಮ್ಮನೆ ಕೂತಿರಲಿಲ್ಲ. 2011ರಲ್ಲಿ ಆಲೂಗೆಡ್ಡೆಯ ಸುಮಾರು 39 ಸಾವಿರ ವಂಶವಾಹಿಗಳ ಪೂರ್ತಿ ಪಟ್ಟಿಯನ್ನು ಹಲವು ದೇಶಗಳು ಸೇರಿ ಬಿಡಿಸಿದಾಗ ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯೂ ಅದರಲ್ಲಿ ಕೈಜೋಡಿಸಿತ್ತು. ನೀವು ನಾವು ಕಟ್ಟಿದ ತೆರಿಗೆಯ ಸಂಸ್ಥೆ ಅದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ವಂಶವಾಹಿ ಪತ್ತೆ ಮಾಡೋದು ಅಂದರೆ ಕುಲಾಂತರಿ ಮಾಡೋದು ಅಂತಲೇ ಅಲ್ಲ. ನೀವು ಹೋರಿ ಆರಿಸುವಾಗ ಕೊಂಬು, ಹಿಣಿಲು, ಸುಳಿ ನೋಡಿ ಆರಿಸುತ್ತೀರಿ. ಅವರು ಎಳೆ ಸಸಿಯ ಎಲೆಯೊಂದನ್ನು ಚಿವುಟಿ, ಬೇಕಾದ ವಂಶವಾಹಿಯ ಗುರುತು ಅದರಲ್ಲಿದೆಯೇ ಅಂತ ನೋಡುತ್ತಾರೆ. ಇದ್ದರೆ ಬೆಳೆಸುತ್ತಾರೆ, ಇಲ್ಲದಿದ್ದರೆ ಬಿಡುತ್ತಾರೆ. ಆಲೂಗೆಡ್ಡೆಯಲ್ಲಿ ಪ್ರತಿ ವಂಶವಾಹಿಗೂ ನಾಲ್ಕು ಪ್ರತಿ ಇರುತ್ತವೆ, ಆದ್ದರಿಂದ ಹಳೇ ದಾರಿಯಲ್ಲಿ ಒಂದು ತಳಿ ಹೊರಬರಲು ಹತ್ತು ವರ್ಷವೂ ಸಾಲದು. ಗುರುತು ಸಿಕ್ಕಿದರೆ ಆ ಕಾಲ ಕಮ್ಮಿಯಾಗುತ್ತದೆ. ವಿಜ್ಞಾನದ ಮೇಲೆ ನಮಗೆ ಸಿಟ್ಟಿಲ್ಲ. ಹಾಸನದ ರೈತನಿಗೆ ಈ ವಿಜ್ಞಾನ ಬೇಕೇ ಬೇಕು. ಆದರೆ ಅದು ನಮ್ಮ ಹೊಲಕ್ಕೆ ಯಾವ ದಾರಿಯಲ್ಲಿ, ಯಾರ ಕೈಯಿಂದ, ಯಾವ ಬೆಲೆಗೆ ಬರುತ್ತದೆ ಅನ್ನೋದೇ ನಮ್ಮ ತಗಾದೆ.

ಬಂದ ತಳಿ ಎಲ್ಲಿ ಹೋಯಿತು?

ಬಿಸಿ ತಡೆಯೋ ತಳಿ ನಾಳೆ ಬರಬೇಕಾದ್ದೇನಲ್ಲ ಬಂಧುಗಳೇ, ಬಂದು ಆಗಿದೆ. ಶಿಮ್ಲಾ ಸಂಸ್ಥೆ 2006ರಲ್ಲೇ ಕುಫ್ರಿ ಸೂರ್ಯ ಅನ್ನೋ ತಳಿ ಬಿಡುಗಡೆ ಮಾಡಿತು. ದಖನ್ ಸೀಮೆಗೆಂದು ಮಾಡಿದ್ದ ಕುಫ್ರಿ ಲವ್ಕರ್ ಒಂದು ಕಡೆ, ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದಿಂದ ಬಂದ ಎಲ್‌ಟಿ-1 ಇನ್ನೊಂದು ಕಡೆ. ಇವೆರಡನ್ನೂ ಕೂಡಿಸಿ ಮಾಡಿದ್ದು ಅದು. ಆಮೇಲೆ ಕುಫ್ರಿ ಲಿಮಾ ಅಂತ ಇನ್ನೊಂದು ಬಂತು. ಈಗ ಹೇಳಿ, ನಿಮ್ಮ ಹೊಲದಲ್ಲಿ ಇರೋದು ಯಾವುದು? ನೂರಕ್ಕೆ ತೊಂಬತ್ತು ಮಂದಿ "ಜ್ಯೋತಿ" ಅಂತೀರಿ. ಕುಫ್ರಿ ಜ್ಯೋತಿ ಬಿಡುಗಡೆಯಾದದ್ದು 1968ರಲ್ಲಿ. ಅಜ್ಜನ ಕಾಲದ ತಳಿಯನ್ನು ಮೊಮ್ಮಗ ಸಾಲ ಮಾಡಿ ತಂದು ಬಿತ್ತುತ್ತಿದ್ದಾನೆ.

ಯಾಕೆ ಹೀಗಾಯಿತು? ನಮ್ಮ ಬಿತ್ತನೆ ಗೆಡ್ಡೆ ಇಲ್ಲಿ ಹುಟ್ಟೋದಿಲ್ಲ. ಜಲಂಧರದಿಂದ ಲಾರಿ ಹೊರಡುತ್ತದೆ, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡುತ್ತದೆ, ಹಾಸನದ ಎಪಿಎಂಸಿ ಪ್ರಾಂಗಣದಲ್ಲಿ ಇಳಿಯುತ್ತದೆ. ಅಲ್ಲಿ ಏನು ಬಂತೋ ಅದೇ ನಮ್ಮ ತಳಿ. ಪಂಜಾಬಿನವನು ಚಳಿಗಾಲದಲ್ಲಿ ಬೆಳೆಯುತ್ತಾನೆ, ಅವನಿಗೆ ರಾತ್ರಿ ಸೆಕೆಯ ಚಿಂತೆ ಇಲ್ಲ. ದೇಶದ ಆಲೂಗೆಡ್ಡೆಯ ಬಹುಪಾಲು ಉತ್ತರದ ಬಯಲಿನ ಚಳಿಗಾಲದ ಬೆಳೆ. ಮಳೆಗಾಲದಲ್ಲಿ ಬೆಳೆಯೋ ಹಾಸನದವನು ಅವರ ಲೆಕ್ಕದಲ್ಲಿ ಪಂಕ್ತಿಯ ಕೊನೆಯವನು. ಅವರಿಗೆ ಸಲೀಸಾಗಿ ಮಾರಾಟವಾಗೋದನ್ನು ಅವರು ಬೆಳೆಯುತ್ತಾರೆ. ಮಧ್ಯದಲ್ಲಿ ತಿನ್ನೋ ಗೆಡ್ಡೆಯನ್ನೇ ಬಿತ್ತನೆ ಅಂತ ಚೀಲ ಕಟ್ಟಿ ಮಾರುತ್ತಾರೆ ಅನ್ನೋ ದೂರು ಊರೂರಲ್ಲೂ ಇದೆ.

ಇದರ ಫಲ ಕಣ್ಣ ಮುಂದಿದೆ. ಹಾಸನ ಜಿಲ್ಲೆಯಲ್ಲಿ ಒಂದು ಕಾಲಕ್ಕೆ 40 ಸಾವಿರ ಹೆಕ್ಟೇರಿನ ಆಸುಪಾಸಿನಲ್ಲಿ ಆಲೂಗೆಡ್ಡೆ ಇತ್ತು. ಅಂಗಮಾರಿ ರೋಗ ಬಂದು, ಬೀಜ ಕೈಕೊಟ್ಟು, ಬೆಲೆ ಬಿದ್ದು, ಈಗ ಅದರ ಕಾಲುಭಾಗವೂ ಉಳಿದಿಲ್ಲ. ರೈತ ಆಲೂಗೆಡ್ಡೆ ಬಿಟ್ಟು ಮುಸುಕಿನ ಜೋಳಕ್ಕೋ ಶುಂಠಿಗೋ ಹೋದ. ಬೆಳೆ ಬದಲಾಯಿತು, ಸಾಲ ಬದಲಾಗಲಿಲ್ಲ.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಕುಫ್ರಿ ಸೂರ್ಯ ಬಿಸಿ ತಡೆಯುತ್ತದೆ, ಅಂಗಮಾರಿ ತಡೆಯೋದಿಲ್ಲ. ನಮ್ಮದು ಮಳೆಗಾಲದ ಬೆಳೆ. ಮೇ ತಿಂಗಳಲ್ಲಿ ಬಿಸಿ, ಜುಲೈ ತಿಂಗಳಲ್ಲಿ ಜಡಿಮಳೆ, ಮೋಡ, ಅಂಗಮಾರಿ. ಬಿಸಿಯಿಂದ ಪಾರಾದ ಗಿಡ ಅಂಗಮಾರಿಗೆ ತುತ್ತಾದರೆ ಏನು ಬಂತು? ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಹಾಸನಕ್ಕೆ ಬೇಕಾಗಿರೋದು ಎರಡನ್ನೂ ತಡೆಯೋ ಗೆಡ್ಡೆ. ಅದನ್ನು ಶಿಮ್ಲಾದ ತಂಪಿನಲ್ಲಾಗಲೀ, ಸ್ಕಾಟ್ಲೆಂಡಿನ ಗಾಜಿನ ಮನೆಯಲ್ಲಾಗಲೀ ಆರಿಸಿ ಮುಗಿಸಲು ಬರೋದಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ, ನಮ್ಮ ಮಳೆಯಲ್ಲಿ, ನಮ್ಮ ಕಣ್ಣೆದುರು ಆರಿಸಬೇಕು. "ವಂಶವಾಹಿ ಸಿಕ್ಕಿತು, ಇನ್ನು ರೈತ ಗೆದ್ದ" ಅಂತ ಭಾಷಣ ಬಿಗಿಯೋರಿಗೆ ಈ ಮಾತು ಕೇಳಿಸಬೇಕು.

ವಂಶವಾಹಿಗೆ ಒಡೆಯ ಯಾರು?

ಈಗ ಮುಖ್ಯ ಮಾತಿಗೆ ಬರೋಣ. ಬಿಸಿ ತಡೆಯೋ ಗುಣವನ್ನು ಯಾವ ಕಂಪನಿಯೂ ಸೃಷ್ಟಿ ಮಾಡಿಲ್ಲ. ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಸಾವಿರಾರು ವರ್ಷ ಅಲ್ಲಿನ ಬಡ ರೈತರು, ರೈತ ಹೆಂಗಸರು ಗುಡ್ಡದ ಮೇಲೊಂದು, ಕಣಿವೆಯಲ್ಲೊಂದು ಅಂತ ಗೆಡ್ಡೆ ಆರಿಸಿ ಉಳಿಸಿಕೊಂಡು ಬಂದರು. ಲಿಮಾದ ಕೇಂದ್ರದಲ್ಲಿ ಇವತ್ತು ನಾಲ್ಕು ಸಾವಿರಕ್ಕೂ ಹೆಚ್ಚು ಬಗೆಯ ಆಲೂಗೆಡ್ಡೆ ಇವೆ. ಅವೆಲ್ಲ ರೈತರ ಮನೆಯಿಂದ ಹೋದವು. ಅದರಲ್ಲಿ ಇದ್ದ ಗುಣವನ್ನು ವಿಜ್ಞಾನಿ ಓದಿದ. ಓದಿದವನಿಗೆ ಗೌರವ ಕೊಡೋಣ. ಬರೆದವನ ಆಸ್ತಿಯನ್ನು ಓದಿದವನ ಹೆಸರಿಗೆ ಖಾತೆ ಮಾಡಿಕೊಡಲು ಆಗುತ್ತದೆಯೇ?

ಆಗೋದಿಲ್ಲ ಅಂತ ನೀವು ಅನ್ನುತ್ತೀರಿ. ಹಾಗಾದರೆ ಗುಜರಾತಿನಲ್ಲಿ ಏನಾಯಿತು ಕೇಳಿ. ಪೆಪ್ಸಿಕೋ ಕಂಪನಿ ಚಿಪ್ಸ್ ಮಾಡೋ ತನ್ನ ಎಫ್‌ಎಲ್ 2027 ತಳಿಯನ್ನು 2016ರಲ್ಲಿ ನೋಂದಣಿ ಮಾಡಿಸಿತು. ಆ ತಳಿಯನ್ನು ತನ್ನ ಅಪ್ಪಣೆ ಇಲ್ಲದೆ ಬೆಳೆದರು ಅಂತ ಗುಜರಾತಿನ ರೈತರ ಮೇಲೆ ದಾವೆ ಹೂಡಿತು. 2019ರಲ್ಲಿ ನಾಲ್ವರು ರೈತರಿಂದ ತಲಾ 1.05 ಕೋಟಿ ರೂಪಾಯಿ ಪರಿಹಾರ ಕೇಳಿತು. ಮೂರು ನಾಲ್ಕು ಎಕರೆಯ ರೈತ ಹೊಲ ಮನೆ ಎತ್ತು ಮಾರಿದರೂ ಹುಟ್ಟದ ದುಡ್ಡು ಅದು. ದೇಶದ ತುಂಬ ರೈತರು ಕೂಗೆಬ್ಬಿಸಿದ ಮೇಲೆ ಅದೇ ವರ್ಷ ಮೇ ತಿಂಗಳಲ್ಲಿ ದಾವೆ ವಾಪಸಾಯಿತು. ಕವಿತಾ ಕುರುಗಂಟಿ ಅವರು ಹೂಡಿದ ಅರ್ಜಿಯ ಮೇಲೆ 2021ರ ಡಿಸೆಂಬರ್‌ನಲ್ಲಿ ತಳಿ ಪ್ರಾಧಿಕಾರ ಕಂಪನಿಯ ನೋಂದಣಿಯನ್ನೇ ರದ್ದು ಮಾಡಿತು. 2023ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. 2024ರ ಜನವರಿಯಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನು ತೆಗೆದುಹಾಕಿತು. ಒಂದು ಚಿಪ್ಸ್ ಗೆಡ್ಡೆಗೇ ಇಷ್ಟು ಹೋರಾಟ. ನಾಳೆ ಬಿಸಿಯಲ್ಲೂ ಬೆಳೆಯೋ ಗೆಡ್ಡೆ ಒಂದು ಕಂಪನಿಯ ಕೈಯಲ್ಲಿ ಇದ್ದು, ಮಿಕ್ಕ ತಳಿಗಳೆಲ್ಲ ಸೆಕೆಗೆ ಸೋತರೆ, ಆಗ ನಾವು ಯಾರ ಹೊಲದ ಆಳು?

ಈ ಭಯ ಹೊಸದಲ್ಲ. ಡಂಕೆಲ್ ಕರಡಿನ ಕಾಲದಲ್ಲಿ, 1992ರ ಡಿಸೆಂಬರ್‌ನಲ್ಲಿ, ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ಕರ್ನಾಟಕದ ರೈತರು ನುಗ್ಗಿದಾಗ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಬೀಜ ಸತ್ಯಾಗ್ರಹದ ಮಾತಾಡಿದಾಗ, ಪಟ್ಟಣದ ಬುದ್ಧಿವಂತರು ನಕ್ಕಿದ್ದರು. ಬೀಜಕ್ಕೂ ಯಾರಾದರೂ ಒಡೆಯ ಆಗ್ತಾರಾ ಅಂದಿದ್ದರು. ಗುಜರಾತಿನ ದಾವೆಯ ಕಾಗದ ನೋಡಿದ ಮೇಲೂ ನಗು ಬರುತ್ತದೆಯೇ?

ಕಾನೂನು ನಮ್ಮ ಕೈಯಲ್ಲಿದೆ, ಓದಿ

ಆ ಕೂಗಿನ ಫಲವಾಗಿಯೇ ನಮ್ಮ ದೇಶದಲ್ಲಿ ಒಂದು ಒಳ್ಳೆಯ ಕಾಯ್ದೆ ಬಂತು: 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದರ 39ನೇ ಕಲಮನ್ನು ಊರ ಅರಳಿಕಟ್ಟೆಯ ಮೇಲೆ ಓದಿ ಹೇಳಬೇಕು. ನೋಂದಣಿಯಾದ ತಳಿಯಾದರೂ ಸರಿ, ಅದರ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ಮತ್ತೆ ಬಿತ್ತಲು, ನೆರೆಯವನೊಂದಿಗೆ ಬದಲಾಯಿಸಿಕೊಳ್ಳಲು, ಹಂಚಲು, ಮಾರಲು ರೈತನಿಗೆ ಹಕ್ಕಿದೆ. ಕಂಪನಿಯ ಹೆಸರು, ಮಾರ್ಕು ಹಾಕಿ ಮಾರುವಂತಿಲ್ಲ, ಅಷ್ಟೇ. ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ. ನೋಂದಾಯಿತ ತಳಿಯ ಬೀಜ ಮಾರುವಾಗ ಅದು ಯಾವ ಪರಿಸ್ಥಿತಿಯಲ್ಲಿ ಎಷ್ಟು ಕೊಡುತ್ತದೆ ಅಂತ ತಳಿಯ ಒಡೆಯ ತಿಳಿಸಬೇಕು. ಹೇಳಿದಷ್ಟು ಕೊಡದಿದ್ದರೆ ರೈತ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. "ಬಿಸಿ ತಡೆಯುತ್ತೆ" ಅಂತ ಚೀಲದ ಮೇಲೆ ಅಚ್ಚು ಹಾಕಿ ಮಾರೋನು ನಾಳೆ ಬಂದರೆ, ಎಷ್ಟು ಡಿಗ್ರಿಯ ತನಕ, ಎಷ್ಟು ಇಳುವರಿ ಅಂತ ಬರೆದುಕೊಡು ಅಂತ ಕೇಳೋ ಹಕ್ಕು ನಿಮ್ಮದು. ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ಕಲಮು ಕೂಡ ಗಿಡಕ್ಕೆ, ಬೀಜಕ್ಕೆ ಪೇಟೆಂಟ್ ಇಲ್ಲ ಅನ್ನುತ್ತದೆ. ಇವೆಲ್ಲ ಕಾಗದದ ಮೇಲಿನ ಹಕ್ಕು. ಬಿಲ್ಲು ಇಲ್ಲದೆ, ಚೀಟಿ ಇಲ್ಲದೆ ಬೀಜ ತಂದವನಿಗೆ ಯಾವ ಹಕ್ಕೂ ಸಿಕ್ಕೋದಿಲ್ಲ.

ಬೀಜ ಉಳಿಸಿಕೊಳ್ಳೋ ಹಕ್ಕಿದ್ದರೂ ಆಲೂಗೆಡ್ಡೆ ಬೀಜ ನಮ್ಮ ಸೀಮೆಯಲ್ಲಿ ಬಹಳ ವರ್ಷ ನಿಲ್ಲೋದಿಲ್ಲ ಅಂತ ಕೆಲವರು ಹೇಳ್ತಾರೆ. ಅದು ನಿಜ. ಸೆಕೆಯಲ್ಲಿ ಹೇನು ಹೆಚ್ಚು, ಹೇನಿನಿಂದ ನಂಜು ರೋಗ, ವರ್ಷದಿಂದ ವರ್ಷಕ್ಕೆ ಗೆಡ್ಡೆ ಬಲಗುಂದುತ್ತದೆ. ಅದಕ್ಕೇ ಪಂಜಾಬಿನ ದಾರಿ ಕಾಯೋದು. ಆದರೆ ಇದಕ್ಕೂ ಮದ್ದು ಹೊರಟಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ರೋಗವಿಲ್ಲದ ತಾಯಿ ಸಸಿಯಿಂದ ಕುಡಿ ಕತ್ತರಿಸಿ, ನರ್ಸರಿ ತಟ್ಟೆಯಲ್ಲಿ ಬೇರು ಬರಿಸಿ, ಟೊಮೇಟೊ ಸಸಿಯ ಹಾಗೆ ರೈತನಿಗೆ ಕೊಡೋ ವಿಧಾನ. ಎಆರ್‌ಸಿ ಸಸಿ ಅಂತ ಕರೆಯುತ್ತಾರೆ. ಒಂದು ಸಸಿಯಿಂದ ಹತ್ತಕ್ಕೂ ಹೆಚ್ಚು ಗೆಡ್ಡೆ ಬರುತ್ತದೆ. ಅವೇ ಮುಂದಿನ ಹಂಗಾಮಿನ ಬಿತ್ತನೆ. ಲಿಮಾದ ಕೇಂದ್ರ ಮತ್ತು ನಮ್ಮ ತೋಟಗಾರಿಕೆ ವಿಶ್ವವಿದ್ಯಾಲಯದವರು ಸೇರಿ ಇದನ್ನು ಹಾಸನದ ರೈತರಿಗೆ ತೋರಿಸಿದ್ದಾರೆ, ರೈತರು ಬೆಳೆದೂ ನೋಡಿದ್ದಾರೆ. ಅಂದರೆ ಜಲಂಧರದ ಲಾರಿ ಕಾಯದೆ ಹಾಸನದ ಬೀಜವನ್ನು ಹಾಸನದಲ್ಲೇ ಮಾಡಬಹುದು. ಬಿಸಿ ತಡೆಯೋ ವಂಶವಾಹಿ ನಮ್ಮ ಹೊಲಕ್ಕೆ ಬರೋದಿದ್ದರೆ ಈ ದಾರಿಯಲ್ಲಿ ಬರಬೇಕು.

ನಮ್ಮ ಹಕ್ಕೊತ್ತಾಯ

ಒಂದು. ಶಿಮ್ಲಾ ಸಂಸ್ಥೆ ಬಿಡುಗಡೆ ಮಾಡಿದ ಬಿಸಿ ತಡೆಯೋ ತಳಿಗಳನ್ನೆಲ್ಲ ಹಾಸನ, ಚಿಕ್ಕಮಗಳೂರು, ಕೋಲಾರ, ಬೆಳಗಾವಿ ಸೀಮೆಯ ರೈತರ ಹೊಲಗಳಲ್ಲೇ, ಮುಂಗಾರಿನಲ್ಲೇ ಬೆಳೆದು ತೋರಿಸಬೇಕು. ಬಂದ ಇಳುವರಿಯನ್ನು, ಬಂದ ರೋಗವನ್ನು, ಎರಡನ್ನೂ ಕನ್ನಡದಲ್ಲಿ ಎಪಿಎಂಸಿ ಬಾಗಿಲ ಮೇಲೆ ಬರೆದು ಹಾಕಬೇಕು.

ಎರಡು. ಬಿಸಿ ಮತ್ತು ಅಂಗಮಾರಿ ಎರಡನ್ನೂ ತಡೆಯೋ ತಳಿಗೆ ಸರ್ಕಾರ ದುಡ್ಡು ಹಾಕಬೇಕು. ಜನರ ದುಡ್ಡಿನಲ್ಲಿ ಪತ್ತೆಯಾದ ವಂಶವಾಹಿ, ಜನರ ದುಡ್ಡಿನಲ್ಲಿ ಹುಟ್ಟಿದ ತಳಿ ಯಾವ ಒಂದು ಕಂಪನಿಯ ಗುತ್ತಿಗೆಗೂ ಹೋಗಕೂಡದು.

ಮೂರು. ತಾಲ್ಲೂಕಿಗೊಂದು ಸಸಿ ನರ್ಸರಿ. ಅದು ರೈತರ ಸಹಕಾರ ಸಂಘದ ಕೈಯಲ್ಲಿರಬೇಕು, ದಲ್ಲಾಳಿ ಕೈಯಲ್ಲಿ ಅಲ್ಲ. ಬೀಜ ಕೈಕೊಟ್ಟ ವರ್ಷ ಬೀಜದ ಸಾಲದ ಬಡ್ಡಿ ಪೂರ್ತಿ ಮನ್ನಾ.

ನಾಲ್ಕು. ಆಲೂಗೆಡ್ಡೆಗೆ ವೈಜ್ಞಾನಿಕ ಬೆಲೆ. ಇವತ್ತಿಗೂ ಅದು ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. ಬಿಸಿಯಲ್ಲೂ ಬೆಳೆದು ಇಳುವರಿ ಏರಿಸಿ, ಯಾರ್ಡಿನಲ್ಲಿ ಬೆಲೆ ಬೀಳಿಸಿಕೊಂಡರೆ ವಿಜ್ಞಾನದಿಂದ ಉದ್ಧಾರವಾದವನು ಮಂಡಿಯವನೇ ಹೊರತು ರೈತನಲ್ಲ.

ಸರ್ಕಾರಕ್ಕೆ ಹೇಳಿದ್ದಾಯಿತು, ಇನ್ನು ನಿಮಗೆ. ಬರುವ ಮೇ ತಿಂಗಳಲ್ಲಿ ಬಿತ್ತನೆ ಕೊಳ್ಳಲು ಹೋದಾಗ ನಾಲ್ಕು ಕೆಲಸ ಮಾಡಿ. ಒಬ್ಬೊಬ್ಬರೇ ಹೋಗಬೇಡಿ, ಊರಿನವರು ಹತ್ತು ಜನ ಸೇರಿ ಹೋಗಿ. ತಳಿಯ ಹೆಸರು ಬರೆಸಿದ ಬಿಲ್ಲು ಇಲ್ಲದೆ ಚೀಲ ಎತ್ತಬೇಡಿ. ಪ್ರತಿ ಚೀಲದಿಂದ ಹತ್ತು ಗೆಡ್ಡೆ ಕೊಯ್ದು ನೋಡಿ, ಒಳಗೆ ಕಪ್ಪಿದ್ದರೆ ಅಲ್ಲೇ ಸುರಿಯಿರಿ. ಊರಿಗೆ ಒಬ್ಬರಾದರೂ ನಾಲ್ಕು ಸಾಲು ಹೊಸ ತಳಿ ಹಾಕಿ, ಜ್ಯೋತಿಯ ಪಕ್ಕದಲ್ಲೇ ಹಾಕಿ, ಕಿತ್ತಾಗ ಎರಡನ್ನೂ ತೂಗಿ ಬರೆದಿಡಿ. ಪ್ರಯೋಗಾಲಯದವರು ಎಲೆ ಚಿವುಟಿ ನೋಡೋದನ್ನು ನೀವು ಬುಡ ಕಿತ್ತು ನೋಡಿ. ಆ ಲೆಕ್ಕದ ಪುಸ್ತಕ ಹಿಡಿದು ತೋಟಗಾರಿಕೆ ಇಲಾಖೆಯ ಮುಂದೆ ನಿಂತಾಗ ಯಾವ ಅಧಿಕಾರಿಯೂ "ರೈತನಿಗೆ ಏನು ಗೊತ್ತು" ಅನ್ನಲಾರ.

ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಅಂತ ಕೂಗಿದವರು ನಾವು. ಬಾಕಿಯ ಪಟ್ಟಿಗೆ ಈಗ ಇನ್ನೊಂದು ಸೇರಿಸಿ: 2006ರಿಂದ ಬರಬೇಕಾಗಿದ್ದ, ಇನ್ನೂ ನಮ್ಮ ಹೊಲಕ್ಕೆ ಬಾರದ ಬಿತ್ತನೆ ಗೆಡ್ಡೆ. ಅದನ್ನು ಬೇಡೋದು ಬೇಡ, ವಸೂಲು ಮಾಡೋಣ.